ದ್ವೀಪದಲ್ಲಿ ಕಾಗೆಯ ಅಭಾವ

ಮಲೇಷ್ಯಾದ ಪಶ್ಚಿಮ ತೀರದ ಒಂದು ದ್ವೀಪದಲ್ಲಿ ಕಳೆದ ರಜೆಯಲ್ಲಿ ಕಾಗೆಗಳ ತೀವ್ರ ಅಭಾವ ತಲೆದೋರಿತ್ತು. ಪತ್ರಿಕೆಗಳು ಇದನ್ನು ವರದಿ ಮಾಡಲಿಲ್ಲ. ನಮ್ಮ ಮನೆಯವರು ಹಕ್ಕಿ ನೋಡಲು ಹೊರಟಾಗಲೆಲ್ಲ ಇಂಥದ್ದೊಂದು ಆಗಿಯೇ ಆಗುತ್ತದೆ.

ಮಗಳಿಗೆ ಹಾರ್ನ್‌ಬಿಲ್, ಅಂದರೆ ನಮ್ಮ ಮಂಗಟ್ಟೆ ಹಕ್ಕಿ, ನೋಡುವ ಆಸೆ. ಅದಕ್ಕಾಗಿ ಕಾಡಿನಂಚಿನಲ್ಲಿ, ಅಡುಗೆಮನೆ ಇರುವ ಕಾಟೇಜು ಹಿಡಿದಿದ್ದೆವು. ಉಡುಪಿಯಿಂದ ಬಂದಿದ್ದ ಮಾವನೂ ಜೊತೆಗಿದ್ದರು. ದ್ವೀಪ ತಲುಪಿದ ಮೇಲೆ ಅವರು ಪಂಚಾಂಗ ತೆಗೆದು, ನಾಳೆ ತಮ್ಮ ತಂದೆಯ ಶ್ರಾದ್ಧ ಎಂದರು. ಕಾಗೆ ಅನ್ನ ಮುಟ್ಟದೆ ಅವರು ಊಟ ಮಾಡುವವರಲ್ಲ. ಮೇಲಾಗಿ ಸಕ್ಕರೆ ಕಾಯಿಲೆ. ನಾವು ವಾಸವಿರುವ ಪುಚೊಂಗ್‌ನಲ್ಲಿ ನಮ್ಮ ಕಾಂಡೋ ಕಟ್ಟಡದ ಹಿಂದೆ ಓಡಿಸಿದರೂ ಹೋಗದಷ್ಟು ಕಾಗೆಗಳಿವೆ. ಅವನ್ನೆಲ್ಲ ಬಿಟ್ಟು ನಾವು ಹಕ್ಕಿ ನೋಡಲು ಬಂದಿದ್ದೆವು.

ಉಡುಪು

ಮರುದಿನ ಅಡುಗೆಯಾಯಿತು, ಬಾಳೆಲೆಯಲ್ಲಿ ಅನ್ನ, ವಡೆ ಇಟ್ಟದ್ದೂ ಆಯಿತು. ಕಾಗೆ ಬರಲಿಲ್ಲ. ಹೆಂಡತಿ ಅದನ್ನೆಲ್ಲ ಡಬ್ಬಿಗೆ ತುಂಬಿದಳು. ಪಿತೃಗಳ ಊಟವನ್ನು ತಪಾವ್, ಅಂದರೆ ಇಲ್ಲಿಯವರ ಪಾರ್ಸೆಲ್, ಮಾಡಿಕೊಂಡು, ಮಗಳು ಮೊದಲೇ ಗೊತ್ತುಮಾಡಿದ್ದ ಗೈಡ್ ಹೆಂಗಸಿನ ಜೊತೆ ಕಾಡಿಗೆ ಹೊರಟೆವು.

ಮಾವನ ಬಿಳಿ ಪಂಚೆ, ಕೇಸರಿ ಶಲ್ಯ ನೋಡಿ ಗೈಡ್ ಗಾಬರಿಯಾದಳು. "ಅಂಕಲ್, ಈ ಬಣ್ಣ ನೋಡಿದರೆ ಹಕ್ಕಿ ಓಡಿಹೋಗುತ್ತೆ ಲಾ," ಎಂದಳು, ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿಯ ಇಂಗ್ಲಿಷಿನಲ್ಲಿ.

"ನಮ್ಮೂರಿನ ಕಾಗೆ ಈ ಬಣ್ಣ ನೋಡಿಯೇ ಬರೋದು," ಎಂದರು ಮಾವ. "ಪ್ಯಾಂಟು ಹಾಕಿಕೊಂಡರೆ ತಿರುಗಿಯೂ ನೋಡೋದಿಲ್ಲ."

ಬೇಡಿಕೆ

"ಮುಖ್ಯವಾಗಿ ಯಾವ ಹಕ್ಕಿ ನೋಡಬೇಕು?" ಎಂದು ಗೈಡ್ ಕೇಳಿದಳು.

"ಕಾಗೆ," ಎಂದರು ಮಾವ.

"ಯಾವ ಜಾತಿಯದು?"

"ಇವತ್ತು ಜಾತಿ ನೋಡೋದಿಲ್ಲಮ್ಮ."

ಅವಳು ತನ್ನ ವೃತ್ತಿಜೀವನದಲ್ಲಿ ಕೇಳದ ಬೇಡಿಕೆ ಇದು. ಆದರೂ ಪ್ರಾಮಾಣಿಕವಾಗಿ ಹುಡುಕಿದಳು. ಒಂದು ಪೊದೆಯಲ್ಲಿ ನವರಂಗ ಹಕ್ಕಿ ಸಿಕ್ಕಿತು. ಫಿರಂಗಿಯಂಥ ಲೆನ್ಸು ಹೊತ್ತಿದ್ದ ಬಿಳಿಯನೊಬ್ಬ ಅದನ್ನು ಕಂಡು ಕಣ್ಣೊರೆಸಿಕೊಂಡ. ಗೈಡ್ ದುರ್ಬೀನನ್ನು ಮಾವನ ಕೈಗಿತ್ತಳು.

ಮಾವ ನೋಡಿ ಹಿಂತಿರುಗಿಸಿದರು. "ಚೆಂದ ಇದೆ. ಇದು ಬೇಡ, ಮುಂದೆ ಹೋಗುವ."

ಕೂಗು

ಬಿಸಿಲೇರಿತು. ಮಾವ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಹೆಂಡತಿ ಬಿಸ್ಕತ್ತು ಚಾಚಿದಳು. "ಅಪ್ಪ, ಒಂದಾದರೂ ತಿನ್ನಿ. ಅಜ್ಜಯ್ಯ ಬೈಯೋದಿಲ್ಲ."

"ನಿನಗೆ ಅಪ್ಪಯ್ಯ ಗೊತ್ತಿಲ್ಲ," ಎಂದು ಮಾವ ಕಾಡಿನತ್ತ ತಿರುಗಿ, "ಕಾ! ಕಾ!" ಎಂದು ಕರೆದರು.

"ಅಜ್ಜ, ಪ್ಲೀಸ್ ಲಾ, ಎವರಿಬಡಿ ಈಸ್ ಲುಕಿಂಗ್," ಎಂದಳು ಮಗಳು.

ಯಾವ ಹಕ್ಕಿಯೂ ಬರಲಿಲ್ಲ. ಲೆನ್ಸಿನವನು ಮಾತ್ರ ಪೊದೆ ಸರಿಸಿಕೊಂಡು ಓಡಿಬಂದ. ಈ ದ್ವೀಪದಲ್ಲಿ ಇಂಥ ಕೂಗು ಕೇಳಿದ್ದು ಇದೇ ಮೊದಲಂತೆ. ಇನ್ನೊಮ್ಮೆ ಕೂಗಿದರೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದ.

ತೀರ್ಪು

ಸೋತು ಕಾಟೇಜಿಗೆ ಮರಳಿದೆವು. ಮಾವ ಅನ್ನ, ವಡೆಯನ್ನು ಮತ್ತೆ ಎಲೆಗೆ ಬಡಿಸಿ, ಕಟ್ಟೆಯ ಮೇಲಿಟ್ಟು ಕೈಮುಗಿದರು. ಮರದಲ್ಲಿ ದೊಡ್ಡ ಸದ್ದಾಯಿತು. ಬಾಳೆಕಾಯಿಯಂಥ ಕೊಕ್ಕಿನ ಹಕ್ಕಿಯೊಂದು ಇಳಿದು, ವಡೆಯನ್ನು ಮೇಲಕ್ಕೆಸೆದು ನುಂಗಿತು. ಆಮೇಲೆ ಅನ್ನಕ್ಕೆ ಬಾಯಿ ಹಾಕಿತು.

"ಹಾರ್ನ್‌ಬಿಲ್!" ಮಗಳು ಉಸಿರು ಬಿಗಿಹಿಡಿದಳು.

ಹೆಂಡತಿ ಉಡುಪಿಯ ಪುರೋಹಿತರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಬಣ್ಣ ಯಾವುದು?" ಭಟ್ಟರು ವಿಚಾರಣೆ ಆರಂಭಿಸಿದರು.

"ಕಪ್ಪು. ಹೊಟ್ಟೆ ಮಾತ್ರ ಬಿಳಿ."

"ಕರೆಯದೆ ಬಂತಾ?"

"ಹೌದು."

"ಅನ್ನ ಉಳಿಸಿದೆಯಾ?"

"ಇಲ್ಲ. ಈಗ ಎಲೆ ತಿನ್ನುತ್ತಾ ಇದೆ."

ಭಟ್ಟರು ತೀರ್ಪಿಗೆ ಬಂದರು. "ಅಲ್ಲಿಯ ಕಾಗೆ ಹಾಗೆಯೇ ಇರಬಹುದು. ಆದರೆ ಯಜಮಾನರಿಗೆ ಸಮಾಧಾನ ಆಗಬೇಕಲ್ಲ?"

ಎಲ್ಲರೂ ಮಾವನ ಮುಖ ನೋಡಿದೆವು. ಅವರು ಹಕ್ಕಿಯ ಕೊಕ್ಕನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು.

"ಅಪ್ಪಯ್ಯನ ಮೂಗೂ ಹೀಗೇ ಇತ್ತು," ಎಂದರು.

ಮೂರು ಗಂಟೆಗೆ ಊಟವಾಯಿತು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.