ಕುಸುಬಿ ಎಣ್ಣೆ ಕುಡಿದ ಡ್ರಿಲ್ಲಿಂಗ್ ಮಷೀನು

ದುಡಿದು ಕೆಟ್ಟ ಮಷೀನುಗಳಿಗಿಂತ ಆರೈಕೆಯಿಂದ ಕೆಟ್ಟವೇ ಹೆಚ್ಚು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಒಂದನ್ನು ನಾನೇ ಕೈಯಾರೆ ಕೊಂದಿದ್ದೇನೆ. ಸಿಂದಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುವ ನನಗೆ ಹಿತ್ತಲಲ್ಲೊಂದು ಕೋಣೆಯಿದೆ. ನಾನದನ್ನು ವರ್ಕ್‌ಶಾಪ್ ಎನ್ನುತ್ತೇನೆ, ಹೆಂಡತಿ ಗುಜರಿ ಎನ್ನುತ್ತಾಳೆ. ಅಲ್ಲಿಯ ಪಟ್ಟದರಸಿ ನನ್ನ ಡ್ರಿಲ್ಲಿಂಗ್ ಮಷೀನು. ಓಣಿಯವರು ಕೇಳಿದರೆ ಮಷೀನು ಕೊಡುತ್ತಿರಲಿಲ್ಲ. ನಾನೇ ಹೋಗಿ ಗೋಡೆಗೆ ತೂತು ಹಾಕಿ, ಚಹಾ ಕುಡಿದು, ಹೊಗಳಿಸಿಕೊಂಡು ಬರುತ್ತಿದ್ದೆ.

ಮಹಾನವಮಿಯ ಖಂಡೆ ಪೂಜೆಗೆ ಎಲ್ಲ ಹತ್ಯಾರಗಳನ್ನೂ ಇಳಿಸಿ ಒರೆಸಿದೆ. ನಮ್ಮಪ್ಪ ಕೊಡಲಿ, ಕುಡುಗೋಲುಗಳಿಗೆ ಅಡುಗೆಮನೆಯ ಕುಸುಬಿ ಎಣ್ಣೆ ಸವರಿ, "ಕಬ್ಬಿಣಕ್ಕೂ ವರ್ಷಕ್ಕೊಮ್ಮೆ ಹಬ್ಬ ಆಗಬೇಕಪಾ" ಅನ್ನುತ್ತಿದ್ದ. ಆ ಭಕ್ತಿ ನನ್ನಲ್ಲೂ ಉಕ್ಕಿತು. ಡ್ರಿಲ್ಲಿನ ಸಂದುಗೊಂದಿಗಳಿಗೆಲ್ಲ ಚಮಚೆಯಿಂದ ಕುಸುಬಿ ಎಣ್ಣೆ ಹೊಯ್ದು, ವಿಭೂತಿ ಹಚ್ಚಿ, ಹೂವೇರಿಸಿ ಕಪಾಟಿನಲ್ಲಿಟ್ಟೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಎರಡು ತಿಂಗಳ ಬಳಿಕ ಅವ್ವ ಬಚ್ಚಲಲ್ಲಿ ಜಾರಿದಳು. ಹಂಡೆ ಕೈಗೆ ಸಿಕ್ಕಿತೆಂದು ಬೀಳಲಿಲ್ಲ. "ತಮ್ಮಾ, ಗ್ವಾಡಿಗೆ ಹಿಡಕೊಳ್ಳಾಕ ಒಂದು ಕಂಬಿ ಹಾಕೋ" ಎಂದಳು. ಸ್ಟೀಲಿನ ಕಂಬಿ ಅವತ್ತೇ ತಂದೆ. ನಾಲ್ಕು ತೂತು, ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ. ಆದರೆ ಗುಂಡಿ ಒತ್ತಿದರೆ ಮಷೀನು ಗುಂಯ್ ಎಂದು ನರಳಿತೇ ಹೊರತು ತಿರುಗಲಿಲ್ಲ. ಸುಟ್ಟ ವಾಸನೆ ಬಂತು.

"ಮೋಟರ್ ವೈಂಡಿಂಗ್ ಮಾಡೋ ಮಹಿಬೂಬಣ್ಣನ್ನ ಕರೀರಿ. ಬಂದು ಹಾಕಿ ಹೋಗ್ತಾನ" ಎಂದಳು ಹೆಂಡತಿ. ಓಣಿಗೆಲ್ಲ ತೂತು ಹಾಕಿದವನು ನನ್ನ ಬಚ್ಚಲಿಗೆ ಇನ್ನೊಬ್ಬನನ್ನು ಕರೆಯುವುದೇ? "ರವಿವಾರ ನಾನೇ ಬಿಚ್ಚತೇನಿ ತಡಿ" ಎಂದೆ. ಬಿಚ್ಚಿದರೆ ಒಳಗೆ ಎಣ್ಣೆ ಒಣಗಿ ಜಾಲಿಯ ಅಂಟಿನಂತೆ ಗೇರುಗಳನ್ನು ಹಿಡಿದುಕೊಂಡಿತ್ತು. ಕೆರೆಯುತ್ತಿದ್ದಾಗ ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ನಿನ ಹಿಂದಿನ ಸಣ್ಣ ಸ್ಪ್ರಿಂಗು ಟಣ್ ಎಂದು ಹಾರಿ ಎಲ್ಲೋ ಮಾಯವಾಯಿತು. ಹೊಸದು ಬೇಕೆಂದರೆ ಮಹಿಬೂಬನ ಅಂಗಡಿಗೇ ಹೋಗಬೇಕು, ಹೋದರೆ ಮಾನ ಹೋಗುತ್ತದೆ. "ಕಂಬಿ ಆತೇನೋ?" ಎಂದು ಅವ್ವ ದಿನಾ ಕೇಳುವಳು. "ಮುಂದಿನ ರವಿವಾರ ಆಗ್ತೈತವ್ವ" ಎನ್ನುವೆ.

ಮೂರನೆಯ ರವಿವಾರ ಮೊಣಕಾಲೂರಿ ಕಪಾಟಿನ ಕೆಳಗೆ ಸ್ಪ್ರಿಂಗು ಹುಡುಕುತ್ತಿದ್ದೆ. ಬಚ್ಚಲಿನಿಂದ ಸಪ್ಪಳ ಬಂತು. ಈ ಸಲ ಹಂಡೆ ಕೈಗೆ ಸಿಕ್ಕಿರಲಿಲ್ಲ. ಅವ್ವನ ತೊಡೆಯ ಎಲುಬು ಮುರಿದಿತ್ತು.

ಅವಳಿನ್ನೂ ದವಾಖಾನೆಯಲ್ಲಿದ್ದಾಗ ಮಹಿಬೂಬ ತನ್ನ ಮಷೀನು ತಂದು ಹತ್ತೇ ನಿಮಿಷದಲ್ಲಿ ಕಂಬಿ ಕೂಡಿಸಿದ. ನನ್ನ ಮಷೀನಿನ ಅಂಟನ್ನು ಉಗುರಿನಿಂದ ಕೆರೆದು ಮೂಸಿದ.

"ಏನ್ ಹಾಕೀರಿ ಸರ ಇದಕ್ಕ?"

"ಕುಸುಬಿ ಎಣ್ಣಿ."

ನಗಬೇಕೋ ಬೇಡವೋ ತಿಳಿಯದೆ ಅವನು ಬಾಗಿಲ ಕಡೆ ನೋಡಿದ. "ಗ್ರೀಸ್ ಹಾಕಬೇಕ್ರಿ ಸರ. ಕುಸುಬಿ ಎಣ್ಣಿ ಒಣಗಿದ್ರ ವಾರ್ನಿಸ್ ಆಗ್ತೈತಿ." ನನಗೆ ಅಲ್ಲೇ ಭೂಮಿಗಿಳಿಯಬೇಕೆನಿಸಿತು.

ಅವ್ವ ಮನೆಗೆ ಬಂದಿದ್ದಾಳೆ, ಆದರೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಇನ್ನು ಏಳುವುದು ಕಷ್ಟ ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಬಂದ ದಿನವೇ ಕೇಳಿದಳು, "ಕಂಬಿ ಗಟ್ಟಿ ಐತೇನೋ?"

"ಭಾಳ ಗಟ್ಟಿ ಐತವ್ವ."

"ಹಂಗಾರ ನೀ ಅದನ್ನ ಹಿಡಕೊಂಡು ಜಳಕಾ ಮಾಡು ತಮ್ಮಾ. ನೆಲ ಜಾರತೈತಿ."

ಮರುದಿನ ಬೆಳಿಗ್ಗೆಯಿಂದಲೇ ಹಿಡಿದುಕೊಂಡು ಜಳಕ ಮಾಡುತ್ತಿದ್ದೇನೆ. ಅವ್ವ ಹೇಳಿದ್ದನ್ನು ರವಿವಾರಕ್ಕೆ ನೂಕದೆ ಮಾಡಿದ್ದು ಇದೊಂದೇ.