ಕರೆಂಟ್ ಹೋಗಲೆಂದು ಕಾದ ಪರಿಶೀಲಕ

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದರಲ್ಲಿ ಒಂದು ಸುಖವಿದೆ. ಅದಕ್ಕೆ ಆ ಕೆಲಸ ನಮಗೆ ಬರಲೇಬೇಕೆಂದೇನಿಲ್ಲ. ನಾನು ಕಂಪ್ಯೂಟರನ್ನು ಕಾಲೇಜಿನಲ್ಲಿ ಕಲಿತವನಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತವನು. ಹಾಗಾಗಿ ಆತ್ಮವಿಶ್ವಾಸಕ್ಕೇನೂ ಕೊರತೆಯಿಲ್ಲ. ಯಾರು ಬೇಕಾದರೂ ಬರೆದು, ಯಾರು ಬೇಕಾದರೂ ತಿದ್ದಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಒಂದಕ್ಕೆ ದೂರದೇಶದ ಪುಣ್ಯಾತ್ಮನೊಬ್ಬ ಹೊಸ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬರೆದಿದ್ದ. ಡ್ರೈವರ್ ಅಂದರೆ ಆ ಕಾರ್ಡನ್ನೂ ಕಂಪ್ಯೂಟರನ್ನೂ ಮಾತಾಡಿಸುವ ಪ್ರೋಗ್ರಾಂ. 'ಯಾರಾದರೂ ಪರಿಶೀಲಿಸಿ' ಎಂದು ಕೇಳಿಕೊಂಡಿದ್ದ. ಪರಿಶೀಲಿಸಿದವರ ಹೆಸರು ಅದರೊಳಗೆ ಶಾಶ್ವತವಾಗಿ ಉಳಿಯುತ್ತದೆ. ನನ್ನ ಹೆಸರು ಅಲ್ಲಿಯವರೆಗೆ ಅಚ್ಚಾಗಿದ್ದದ್ದು ರೇಷನ್ ಕಾರ್ಡಿನಲ್ಲಿ, ಅದೂ ತಪ್ಪಾಗಿ. ಬಿಡುತ್ತೇನೆಯೇ?

ಓದಿದೆ. ನನಗೆ ಅರ್ಥವಾದದ್ದು ಸಾಲುಗಳ ನಡುವಿನ ಖಾಲಿ ಜಾಗ ಮಾತ್ರ. ಅದನ್ನೇ ಹಿಡಿದು ಜಾಡಿಸಿದೆ: ಇಲ್ಲಿ ಜಾಗ ಜಾಸ್ತಿ, ಅಲ್ಲಿ ಕಡಿಮೆ. ಆತ ಎಲ್ಲವನ್ನೂ ತಿದ್ದಿ, ವಂದನೆ ಹೇಳಿ, 'ಓಡಿಸಿ ನೋಡಿದಿರಾ?' ಎಂದು ಕೇಳಿಬಿಟ್ಟ. ಆ ಕಾರ್ಡ್ ಇದ್ದದ್ದು ಆಲೂರಿನಲ್ಲಿ ನಮ್ಮಕ್ಕ ಪಹಣಿ ಪ್ರಿಂಟ್ ತೆಗೆದುಕೊಡುವ ಅಂಗಡಿಯ ಕಂಪ್ಯೂಟರಿನಲ್ಲಿ. ಅವಳಿಗೆ ಹೇಳದೆ ಹೊಸ ಡ್ರೈವರ್ ಹಾಕಿದೆ. ಸೊಗಸಾಗಿ ಓಡಿತು. 'ಎಲ್ಲವೂ ಸರಿಯಿದೆ' ಎಂದು ಟೈಪ್ ಮಾಡುತ್ತಿದ್ದಾಗಲೇ ಕರೆಂಟ್ ಹೋಯಿತು, ಬಂತು. ಯುಪಿಎಸ್ ಇದ್ದದ್ದರಿಂದ ಕಂಪ್ಯೂಟರ್ ಆರಲಿಲ್ಲ. ನೆಟ್ಟಿನ ಡಬ್ಬಿ ಆರಿ ಮತ್ತೆ ಹತ್ತಿತು. ನೆಟ್ ಮಾತ್ರ ಬರಲಿಲ್ಲ.

ಪಹಣಿಗೆಂದು ಕೂತಿದ್ದ ಮಗ್ಗೆಯ ನಿಂಗೇಗೌಡರು, "ಏನವ್ವಾ, ಸರ್ವರ್ ಡೌನಾ?" ಎಂದರು.

"ಹೂಂ ಗೌಡ್ರೇ, ಸರ್ವರ್ರೇ" ಎಂದೆ ನಾನು. ನಮ್ಮ ಕಡೆ ಎಲ್ಲ ಪಾಪವನ್ನೂ ಹೊರುವುದು ಸರ್ವರ್ರೇ.

ಅಕ್ಕ ನನ್ನನ್ನೇ ನೋಡಿದಳು. "ಸರ್ವರ್ರೂ ಅಲ್ಲ, ಎಂತದೂ ಅಲ್ಲ ಗೌಡ್ರೇ, ಇವ್ನೇ ಏನೋ ಕಿತ್ಬುಟ್ಟವ್ನೆ. ದಿನಾ ಕರೆಂಟ್ ಬಂದ್ರೆ ಹಿಂದ್ಗಡೇನೇ ನೆಟ್ಟೂ ಬತ್ತಿತ್ತು. ಇವತ್ತೇನು ರೋಗ ಬಂದೈತೋ ಅದ್ಕೆ?"

ತಪ್ಪು ಅದೇ! ಸಂಪರ್ಕ ಒಮ್ಮೆ ಕಡಿದರೆ, ಅದು ಮತ್ತೆ ಬಂದದ್ದು ಡ್ರೈವರಿಗೆ ತಿಳಿಯುತ್ತಿರಲಿಲ್ಲ. ಬರೆದವನ ಊರಿನಲ್ಲಿ ಕರೆಂಟ್ ಹೋಗುವುದೇ ಇಲ್ಲವೇನೋ, ಪಾಪ. ಕಂಪ್ಯೂಟರ್ ಆರಿಸಿ ಹಾಕಿ, ಗೌಡರಿಗೆ ಪಹಣಿ ಕೊಟ್ಟು ಕಳಿಸಿ, ಅವನಿಗೆ ಗಂಭೀರವಾಗಿ ಬರೆದೆ. ಅವನಿಗೆ ಪರಮಾಶ್ಚರ್ಯ: 'ನಿಮ್ಮ ಪ್ರಯೋಗಾಲಯದಲ್ಲಿ ಇಂಥ ಪರೀಕ್ಷೆಗೆ ಯಾವ ಉಪಕರಣ ಬಳಸುತ್ತೀರಿ?' 'ಸ್ಥಳೀಯವಾಗಿ ಲಭ್ಯವಿರುವುದು' ಎಂದೆ.

ತಿದ್ದಿದ ಡ್ರೈವರ್ ಬಂತು. ಹಾಕಿಕೊಂಡು ಕರೆಂಟ್ ಹೋಗಲೆಂದು ಕಾದೆ. ಹುಟ್ಟಿದಾಗಿನಿಂದ ಬೈದುಕೊಂಡೇ ಬಂದ ಪವರ್ ಕಟ್ಟಿಗೆ ಅಂದು ಕೈಮುಗಿಯುವುದೊಂದು ಬಾಕಿ. ಸಂಜೆಯಾದರೂ ಹೋಗಲಿಲ್ಲ.

"ಲೋ, ಬೆಳಿಗ್ಗೆಯಿಂದ ಬಲ್ಬ್ ನೋಡ್ಕಂಡು ಕೂತಿದೀಯಲ್ಲ, ಯಾಕೋ?" ಎಂದಳು ಅಕ್ಕ. ಹೇಳಿದೆ. ಅವಳು ಬಗ್ಗಿ, ಕಂಪ್ಯೂಟರಿನ ಹಿಂದಿನ ನೆಟ್ಟಿನ ವೈರು ಕಿತ್ತು, ಮತ್ತೆ ಚುಚ್ಚಿದಳು. ನೆಟ್ ಬಂತು. "ಇಷ್ಟಕ್ಕಾ?" ಎಂದು ಅಂಗಡಿಯ ಶಟರ್ ಎಳೆಯಲು ಹೋದಳು.

ಈಗ ಆ ಡ್ರೈವರಿನಲ್ಲಿ ನಮ್ಮ ಮನೆಯ ಎರಡು ಹೆಸರುಗಳಿವೆ. ತಪ್ಪು ಹಿಡಿದು ಪರೀಕ್ಷಿಸಿದವರು: ಅಕ್ಕ. ಖಾಲಿ ಜಾಗಗಳನ್ನು ಪರಿಶೀಲಿಸಿದವರು: ನಾನು.