ವೈಫೈ ಮೇಲೆ ಮಾವನ ಟವೆಲ್

ಗಾಳಿಯಲ್ಲಿ ಬರುವ ಇಂಟರ್‌ನೆಟ್ಟಿಗೂ ಟವೆಲ್ ಹಾಕಿ ಜಾಗ ಹಿಡಿದ ಮಹಾನುಭಾವ ಈ ಭೂಮಿಯ ಮೇಲೆ ಒಬ್ಬನೇ. ಆತ ಕಲ್ಯಾಣದುರ್ಗದ ನನ್ನ ಸೋದರಮಾವ. ನಗಬೇಡಿ, ಆ ಇಂಟರ್‌ನೆಟ್ಟು ನನ್ನದೇ!

ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು. ಹಗಲು ಕಡಲೆಕಾಯಿ ಬಿಡಿಸಿ, ರಾತ್ರಿ ಓದಿ ಪಡೆದದ್ದು. ಹಿಂದೂಪುರದಲ್ಲಿ ನೆಟ್ ಸೆಂಟರ್ ತೆರೆದಾಗ ಆ ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಪಟಕ್ಕಿಂತ ಒಂದು ಗೇಣು ಮೇಲೆಯೇ ತೂಗುಹಾಕಿದ್ದೆ. ಇಷ್ಟು ಓದಿದವನು ತಂತಿ ಎಳೆಯುತ್ತಾ ಕೂರುವುದೇ? ಹತ್ತು ಕಂಪ್ಯೂಟರಿಗೂ ಒಂದೇ ವೈಫೈ ಡಬ್ಬಿ! ಮೂವರು ಕೂತರೆ ಕುದುರೆಯಂತೆ ಓಡುತ್ತಿತ್ತು. ಹತ್ತೂ ತುಂಬಿದರೆ ಎಮ್ಮೆಯಂತೆ ಮಲಗುತ್ತಿತ್ತು.

ಇಂಟರ್, ಅಂದರೆ ನಿಮ್ಮ ಪಿಯುಸಿ, ರಿಸಲ್ಟಿನ ದಿನ ಊರೇ ಅಂಗಡಿಗೆ ನುಗ್ಗಿತು. ಎಮ್ಮೆ ಮಲಗಿತು. "ಗಾಳಿಯಲ್ಲಿ ದಾರಿ ಒಂದೇ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರದೂ ಕೇಳಿಸುವುದಿಲ್ಲ" ಎಂದು ನಾನು ಗಂಭೀರವಾಗಿ ಪಾಠ ಶುರುಮಾಡಿದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದುದರಿಂದ ಅದೂ ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಮಾವ ಬಂದ. ಮಗಳು ಪಾಸಾದರೆ ಡಿಗ್ರಿ, ಫೇಲಾದರೆ ಮದುವೆ ಎಂದು ಅತ್ತೆ ತೀರ್ಮಾನಿಸಿ ಗಂಡನ್ನೂ ನೋಡಿಟ್ಟಿದ್ದಳು.

"ಇದೇ ಏನ್ಲಾ, ನೆಟ್ಟು ಬರೋ ಡಬ್ಬಿ?"

"ಹೂಂ ಮಾವ."

ಬಸ್ಸಿನ ಕಿಟಕಿಗೆ ಟವೆಲ್ ತೂರಿ ಸೀಟು ಹಿಡಿದು ಪಳಗಿದ ಕೈ! ಜನರ ತಲೆಗಳ ಮೇಲಿಂದ ಎಸೆದ ಟವೆಲ್ ನೇರ ಡಬ್ಬಿಯ ಮೇಲೆ ಬಿತ್ತು.

"ನಾನ್ ಹಿಡ್ಕಂಡಿವ್ನಿ! ಯಾರೂ ಮುಟ್ಬ್ಯಾಡ್ರಿ!"

ಮೊದಲೇ ಕಾದಿದ್ದ ಡಬ್ಬಿ ಈಗ ಕಂಬಳಿ ಹೊದ್ದ ಜ್ವರದ ಮಗುವಾಯಿತು.

"ತೆಗಿ ಮಾವ! ಹತ್ ಜನ ಒಟ್ಟಿಗೆ ಹತ್ತವ್ರೆ, ಅದ್ಕೇ ಹೋಗ್ತಿಲ್ಲ."

"ಮದ್ಲೇ ಹೇಳಾಕಾಗ್ಲಿಲ್ವೇನ್ಲಾ? ಇಳಿಸ್ಬುಡಾನ!" ಎಂದವನೇ ಕಂಡಕ್ಟರನಂತೆ ಬಾಗಿಲಲ್ಲಿ ನಿಂತು, "ದಿಗಂಡಿ, ದಿಗಂಡಿ! ಇಳೀರಿ, ಇಳೀರಿ! ಇಬ್ಬಿಬ್ರೇ ಬರ್ರಿ!" ಎನ್ನುತ್ತ ಎಲ್ಲರನ್ನೂ ಇಳಿಸಿದ. ಅದೇ ಉತ್ಸಾಹದಲ್ಲಿ ಮೇನ್ ಸ್ವಿಚ್ಚನ್ನೂ ಇಳಿಸಿದ!

ನಾನು ಟವೆಲ್ ತೆಗೆದು, ಸ್ವಿಚ್ಚು ಏರಿಸಿ, ಎರಡೇ ಕಂಪ್ಯೂಟರ್ ಆನ್ ಮಾಡಿದೆ. ಕುದುರೆ ಎದ್ದಿತು. "ಓದ್ದೋರು ಅಂದ್ರೆ ಹಿಂಗಿರ್ಬೇಕು ಕಣಪ್ಪ" ಎಂದು ಯಾರೋ ಹೊಗಳಿದರು. ಎದೆಯುಬ್ಬಿಸಿ ತಿರುಗಿದರೆ, ಹೊಗಳಿದ್ದು ಮಾವನನ್ನು!

ಮಾವ ಗೋರಂಟ್ಲದ ಊರಿಂದ ಬಂದವರನ್ನು ಮುಂದೆ ಬಿಟ್ಟ, ಕೈಗೂಸಿನವಳನ್ನು ಬಿಟ್ಟ, ಆಗಷ್ಟೇ ಬಂದವರನ್ನೂ ಬಿಟ್ಟ. ಎಂಥ ಉದಾರಿ! ಕೊನೆಗೆ ಅಂಗಡಿ ಖಾಲಿಯಾಯಿತು.

"ಈಗ ನಮ್ ಪಾಪನ್ ನಂಬರ್ ಹೇಳು ಮಾವ."

"ತಡಿಯೋ... ಇನ್ಯಾರಾದ್ರೂ ಬತ್ತಾರೇನೋ."

ಆಗ ನೋಡಿದೆ, ಹಾಲ್ ಟಿಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. ನಾನೇ ಬಿಡಿಸಿಕೊಂಡು ನಂಬರ್ ಒತ್ತಿದೆ. ಪಾಸು! ಫಸ್ಟ್ ಕ್ಲಾಸು!

ಅವನ ಮನೆಗೆ ಫೋನ್ ಮಾಡಿ ಮಾವನ ಕೈಗೆ ಕೊಟ್ಟೆ.

"ಅಪ್ಪಾ? ಏನಾಯ್ತಪ್ಪಾ? ಮಾತಾಡಪ್ಪಾ!" ಆ ಕಡೆ ಮಗಳ ದನಿ ಅಳುವಂತಾಗಿತ್ತು.

ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅವಳಿಗೆ ಕಾಣುತ್ತಿದೆಯೇನೋ ಎಂಬಂತೆ, ಹೌದು ಹೌದು ಎಂದು ತಲೆಯಾಡಿಸುತ್ತಲೇ ಇದ್ದ.